ಮೊದಲ ಕಸದ ಯಂತ್ರ: ಎರಿ ಹೊಲಕ್ಕೆ ಯಾವುದು, ಮಸಾರಿಗೆ ಯಾವುದು?

ಮುಂಗಾರಿನ ಹೆಸರು ಬಿತ್ತಿ ಮೂರು ವಾರ ಕಳೆಯುವಷ್ಟರಲ್ಲಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹೊಲಗಳಿಗೆಲ್ಲ ಒಂದೇ ವಾರದಲ್ಲಿ ಆಳು ಬೇಕಾಗುತ್ತದೆ. ಎತ್ತು ಕಟ್ಟಿದ ಮನೆಗಳು ಕಡಿಮೆಯಾಗಿವೆ. ಎಡೆ ಹೊಡೆಯಲು ಬಾಡಿಗೆ ಜೋಡಿ ಸಿಕ್ಕರೂ ಸರದಿ ಕಾಯಬೇಕು, ಕಸ ಮಾತ್ರ ಯಾರಿಗೂ ಕಾಯುವುದಿಲ್ಲ. ಬಿತ್ತಿದ 20ರಿಂದ 45 ದಿನದೊಳಗೆ ಹೊಲ ಹಸನಾಗದಿದ್ದರೆ ಗೊಬ್ಬರವೂ ಹಸಿಯೂ ಕಳೆಯ ಪಾಲಾಗುತ್ತವೆ. ಹೀಗಾಗಿ ಎರಡು–ಐದು ಎಕರೆಯ ಮನೆತನಗಳು ಈಗ ಮೊದಲ ಸಲ ಯಂತ್ರ ಕೊಳ್ಳಲು ಹೊರಟಿವೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ಅದಕ್ಕಿಂತ ಮುಂಚೆ ಉತ್ತರ ಬೇಕಾದ ಪ್ರಶ್ನೆ ಒಂದಿದೆ: ನಮ್ಮ ಸಾಲಿನಿಂದ ಸಾಲಿಗೆ ಅಂತರ ಎಷ್ಟು? ಕಸದ ಯಂತ್ರ ಯಾವುದು ಎಂಬುದು ಬಹುಪಾಲು ಕೂರಿಗೆ ಹೂಡಿದ ದಿನವೇ ತೀರ್ಮಾನವಾಗಿರುತ್ತದೆ.

ಯಂತ್ರಗಳಲ್ಲಿ ಎಷ್ಟು ಬಗೆ

ಸೈಕಲ್ ಎಡೆಕುಂಟೆ: ಹಳೆಯ ಸೈಕಲ್ಲಿನ ಗಾಲಿ ಮತ್ತು ಹ್ಯಾಂಡಲ್‌ಗೆ ಕುಂಟೆಯ ಕುಡ ಕೂಡಿಸಿ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಕೊಡುತ್ತಾರೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ಜೋಡಿ ಗಾಲಿಯ ಎಡೆಕುಂಟೆಯೂ ಇದೇ ಜಾತಿಯದು. ಎಣ್ಣೆ ಬೇಡ, ರಿಪೇರಿ ಊರಲ್ಲೇ ಆಗುತ್ತದೆ. ಒಂದು ಎಕರೆಯೊಳಗಿನ ಹೊಲಕ್ಕೆ, ಮನೆ ಹಿತ್ತಲಿಗೆ ಇದು ಸಾಕು.

ಸಣ್ಣ ವೀಡರ್: ಸುಮಾರು 2 ಎಚ್‌ಪಿಯ ಪೆಟ್ರೋಲ್ ಎಂಜಿನ್ನಿನದು. ಒಬ್ಬರೇ ಎತ್ತಿ ಬೈಕಿಗೆ ಕಟ್ಟಬಹುದಾದಷ್ಟು ಹಗುರ. ತರಕಾರಿ ಮಡಿ, ಸಡಿಲ ಮಸಾರಿ ನೆಲ ಇದರ ಜಾಗ.

ಮಧ್ಯಮ ಪವರ್ ವೀಡರ್: 5ರಿಂದ 7 ಎಚ್‌ಪಿ. ಗೇರ್ ಇರುತ್ತದೆ, ಬ್ಲೇಡುಗಳ ಗುಂಪನ್ನು ಬಿಚ್ಚಿ ಕೂಡಿಸಿ ಅಗಲ ಹೆಚ್ಚು ಕಡಿಮೆ ಮಾಡಬಹುದು. ಈ ಸೀಮೆಯ ಸಣ್ಣ ಹಿಡುವಳಿಗೆ ಬಹುಮಟ್ಟಿಗೆ ಹೊಂದುವುದು ಇದೇ.

ಭಾರೀ ಡೀಸೆಲ್ ವೀಡರ್: 100 ಕಿಲೋ ದಾಟಿದ ತೂಕ. ಗಾಲಿಯ ಮೇಲೆ ನಡೆದು ಹಿಂದಿನ ರೋಟರಿಯಿಂದ ಮಣ್ಣು ಹೊಡೆಯುತ್ತದೆ. ಅಗಲ ಸಾಲಿನ ಹತ್ತಿ, ಕಬ್ಬು, ತೋಟಕ್ಕೆ ಸರಿ.

ಬ್ರಷ್ ಕಟರ್: ಇದು ಸಾಲಿನೊಳಗಿನದಲ್ಲ. ಬದು, ಕಾಲುವೆ ದಂಡೆ, ಮೇವು ಕೊಯ್ಲಿಗೆ.

ಮೊದಲು ಟೇಪು ಹಿಡಿಯಿರಿ

ಹೆಸರು, ಕಡಲೆ, ಶೇಂಗಾ ಬೆಳೆಗೆ ಸಾಲಿನ ಅಂತರ ಸಾಮಾನ್ಯವಾಗಿ ಒಂದು ಅಡಿ, ಅಂದರೆ 30 ಸೆಂ.ಮೀ. ಹಿಂಗಾರಿ ಜೋಳಕ್ಕೆ 45, ಗೋವಿನಜೋಳ ಮತ್ತು ಸೂರ್ಯಕಾಂತಿಗೆ 60, ಹೈಬ್ರಿಡ್ ಹತ್ತಿಗೆ 90 ಸೆಂ.ಮೀ. ಆಸುಪಾಸು. ಉಳ್ಳಾಗಡ್ಡಿಗೆ 15 ಸೆಂ.ಮೀ. ಮಾತ್ರ. ಅಲ್ಲಿ ಯಾವ ಎಂಜಿನ್ನೂ ನಡೆಯದು, ಕೈಯೇ ಗತಿ.

ಗಿಡದ ಎರಡೂ ಮಗ್ಗುಲಿಗೆ 7–8 ಸೆಂ.ಮೀ. ಬಿಟ್ಟು ಯಂತ್ರ ಹಾಯಬೇಕು. ಹಾಗಾದರೆ 30 ಸೆಂ.ಮೀ. ಸಾಲಿನಲ್ಲಿ ಉಳಿಯುವುದು ಸುಮಾರು 15 ಸೆಂ.ಮೀ. ಅದು ಸೈಕಲ್ ಎಡೆಕುಂಟೆಯ ದಾರಿ. 7 ಎಚ್‌ಪಿ ವೀಡರ್ ಅಲ್ಲಿ ಇಳಿದರೆ ಕಸದ ಜೊತೆ ಬೆಳೆಯೂ ಹೋಗುತ್ತದೆ. ಮೆಣಸಿನಗಿಡ, ಹತ್ತಿ, ಉಳ್ಳಾಗಡ್ಡಿಗಳನ್ನು ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುವ ನಮ್ಮ ಭಾಗದ ಹಳೆಯ ರೂಢಿಯಲ್ಲೂ ಯಂತ್ರಕ್ಕೆ ದಾರಿ ಇಲ್ಲ. ಉಳ್ಳಾಗಡ್ಡಿ ಕಿತ್ತ ಮೇಲಷ್ಟೇ ಅದಕ್ಕೆ ಅವಕಾಶ.

ಅಂತರಕ್ಕೂ ದುಡಿಮೆಗೂ ನೇರ ನಂಟಿದೆ. ಒಂದು ಎಕರೆಯಲ್ಲಿ 60 ಸೆಂ.ಮೀ. ಸಾಲಿದ್ದರೆ ಯಂತ್ರದ ಹಿಂದೆ ನಡೆಯಬೇಕಾದ್ದು ಸುಮಾರು ಆರೂಮುಕ್ಕಾಲು ಕಿಲೋಮೀಟರ್. 30 ಸೆಂ.ಮೀ. ಸಾಲಿದ್ದರೆ ಹದಿಮೂರೂವರೆ. ಗಂಟೆಗೆ 2 ಕಿ.ಮೀ. ಲೆಕ್ಕ ಹಿಡಿದರೆ ಮೊದಲನೆಯದಕ್ಕೆ ತಿರುವು ಬಿಟ್ಟು ಮೂರು ತಾಸಿನ ಮೇಲೆ, ಎರಡನೆಯದಕ್ಕೆ ಏಳು ತಾಸಿಗೆ ಹತ್ತಿರ.

ಶೇಂಗಾಕ್ಕೆ ಇನ್ನೊಂದು ಎಚ್ಚರ. ಹೂವು ಉದುರಿದ ಮೇಲೆ ಅದರ ಬುಡದ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುತ್ತದೆ. ಬಿತ್ತಿದ 40–45 ದಿನದ ನಂತರ ಸಾಲು ಕೆದಕಿದರೆ ಕಾಯಿಯೇ ಕಡಿಮೆಯಾಗುತ್ತದೆ.

ಎರಿ, ಮಸಾರಿ ಮತ್ತು ಹದ

ಗದಗ, ಲಕ್ಷ್ಮೇಶ್ವರ ಸುತ್ತಿನ ಎರಿ ನೆಲ ಹಸಿಯಲ್ಲಿ ಅಂಟು, ಒಣಗಿದರೆ ಬಿರುಕು. ಇವೆರಡರ ನಡುವಿನ ಹದ ಕೆಲವೇ ದಿನದ್ದು. ಪರೀಕ್ಷೆ ಸುಲಭ: ನಾಲ್ಕು ಬೆರಳು ಆಳದ ಮಣ್ಣನ್ನು ಹಿಡಿ ತುಂಬ ಒತ್ತಿ ಉಂಡೆ ಮಾಡಿ ಎದೆಮಟ್ಟದಿಂದ ಬಿಡಿ. ಬಿದ್ದು ಪುಡಿಯಾದರೆ ಯಂತ್ರ ಇಳಿಸಿ. ಉಂಡೆ ಹಾಗೇ ಉಳಿದರೆ ಅಥವಾ ಅಂಗೈಗೆ ಮೆತ್ತಿದರೆ ಒಂದು ದಿನ ತಡೆಯಿರಿ. ಹಸಿ ಎರಿಯಲ್ಲಿ ತಿರುಗುವ ಬ್ಲೇಡಿಗೆ ಮಣ್ಣೂ ಬಳ್ಳಿಯೂ ಸುತ್ತಿಕೊಂಡು ಅದು ಕಡಿಯುವುದನ್ನೇ ಬಿಡುತ್ತದೆ, ಎಂಜಿನ್ ಏದುತ್ತದೆ.

ಶಿರಹಟ್ಟಿ, ಮುಂಡರಗಿ ಕಡೆ, ಅದರಲ್ಲೂ ಕಪ್ಪತಗುಡ್ಡದ ಮಗ್ಗುಲಿನ ಮಸಾರಿಯಲ್ಲಿ ತೊಡಕು ಕಲ್ಲಿನದು. ಬ್ಲೇಡಿಗೆ ಕಲ್ಲು ತಾಗಿದ ಏಟು ಗೇರ್ ಪೆಟ್ಟಿಗೆಗೆ ಮುಟ್ಟುತ್ತದೆ. ಬೆಲ್ಟಿನ ಯಂತ್ರದಲ್ಲಿ ಬೆಲ್ಟು ಜಾರಿ ಏಟು ತಗ್ಗುವುದರಿಂದ ಇಲ್ಲಿ ಅದು ಮೇಲು. ಸಿಂಗಟಾಲೂರು ಏತ ನೀರಾವರಿಯ ನೀರು ಬಂದ ಹೊಲಗಳಲ್ಲಿ ಹಸಿ ಆರದ ಕಾರಣ ಕಸ ಮತ್ತೆ ಮತ್ತೆ ಏಳುತ್ತದೆ. ಅಲ್ಲಿ ಒಂದೇ ಹಂಗಾಮಿಗೆ ಮೂರು–ನಾಲ್ಕು ಸಲ ಓಡಬಲ್ಲ ಯಂತ್ರ ಬೇಕು.

ಕಸದ ಜಾತಿಯನ್ನೂ ನೋಡಬೇಕು. ಕಾಂಗ್ರೆಸ್ ಕಸದಂಥ ಬೀಜದಿಂದ ಹುಟ್ಟುವ ಕಳೆಯನ್ನು ಹೂವಾಡುವ ಮೊದಲೇ ರೋಟರಿ ಹೊಡೆದರೆ ಮುಗಿಯಿತು. ಕರಕಿ ಹಾಗಲ್ಲ. ನೆಲದೊಳಗಿನ ಅದರ ಬಳ್ಳಿಯನ್ನು ರೋಟರಿ ತುಂಡು ಮಾಡಿದರೆ ಗೆಣ್ಣಿದ್ದ ಒಂದೊಂದು ತುಂಡೂ ಚಿಗುರುತ್ತದೆ. ಜೇಕಿನ ಗಡ್ಡೆಗಳೂ ಚದುರಿ ಹಬ್ಬುತ್ತವೆ. ಇಂಥ ಹೊಲಕ್ಕೆ ರೋಟರಿ ಬಿಚ್ಚಿ ಕುಂಟೆಯ ಕುಡ ಕಟ್ಟಲು ಬರುವ ಮಾದರಿಯನ್ನೇ ಕೇಳಿ ಕೊಳ್ಳಿ.

ಹೊಲದ ಕೊನೆಯ ತಿರುವು

ಅಣ್ಣತಮ್ಮಂದಿರ ಪಾಲಾದ ಹೊಲಗಳು ಉದ್ದ ಪಟ್ಟಿಗಳಾಗಿರುತ್ತವೆ. 100 ಮೀಟರ್ ಉದ್ದ, 40 ಮೀಟರ್ ಅಗಲದ ಎಕರೆ ಪಟ್ಟಿಯಲ್ಲಿ 60 ಸೆಂ.ಮೀ. ಸಾಲನ್ನು ಉದ್ದಕ್ಕೆ ಬಿತ್ತಿದರೆ ಯಂತ್ರ ಸುಮಾರು 66 ಸಲ ತಿರುಗಬೇಕು. ಅಡ್ಡ ಬಿತ್ತಿದರೆ 166 ಸಲ. ಪ್ರತಿ ತಿರುವಿನಲ್ಲೂ 80 ಕಿಲೋದ ಯಂತ್ರವನ್ನು ಸೊಂಟದಿಂದ ಎತ್ತಿ ಹೊರಳಿಸಿದವರು ಮರುದಿನ ಹೊಲಕ್ಕೆ ಬರಲಾರರು. ಇಳಿಜಾರಿಗೆ ಅಡ್ಡಲಾಗಿಯೇ ಬಿತ್ತಬೇಕಾದ ಹೊಲದಲ್ಲಿ ಸಾಲಿನ ದಿಕ್ಕು ಬದಲಿಸಲು ಬರುವುದಿಲ್ಲ. ಅಲ್ಲಿ ಸುಲಭವಾಗಿ ತಿರುಗುವ ಯಂತ್ರ ಇನ್ನೂ ಅಗತ್ಯ.

ಇಂಥ ತಿರುವಿಗೆ ಹಳೆಯ ಉಪಾಯವೊಂದಿದೆ. 1963ರಲ್ಲಿ ಅಮೆರಿಕದ ಕಾನ್ಸಾಸ್‌ನ ಜಾನ್ ರೆಜಿಯರ್ ನಿಂತಲ್ಲೇ ತಿರುಗುವ ಹುಲ್ಲು ಕತ್ತರಿಸುವ ಗಾಡಿ ಕಟ್ಟಿದರು. ಎಡ ಬಲದ ಗಾಲಿಗಳು ಬೇರೆ ಬೇರೆ ಓಡುವುದೇ ಅದರ ಗುಟ್ಟು. ಎಕರೆಗಟ್ಟಲೆ ಹುಲ್ಲುಹಾಸಿನ ಆ ಗಾಡಿ ನಮಗೆ ಬೇಕಿಲ್ಲ, ಆದರೆ ಹೆಚ್ಚು ಕಡಿಮೆ ಅದೇ ಉಪಾಯ ಕೆಲವು ಪವರ್ ವೀಡರ್‌ಗಳಲ್ಲಿದೆ. ಎಡ ಹಿಡಿಯ ಕ್ಲಚ್ ಒತ್ತಿದರೆ ಎಡಗಾಲಿಗೆ ಶಕ್ತಿ ತಪ್ಪಿ ಯಂತ್ರ ಆ ಕಡೆ ತಾನೇ ಹೊರಳುತ್ತದೆ. ಹಣ ಕೂಡಿಸಿ ಎಚ್‌ಪಿ ಏರಿಸುವುದಕ್ಕಿಂತ ಈ ಕ್ಲಚ್ಚಿಗೆ ಕೊಡುವುದು ಮೇಲು.

ಬದುವಿಗೆ ಬ್ರಷ್ ಕಟರ್

ಬದುವಿನ ಹುಲ್ಲಿಗೆ ನೈಲಾನ್ ದಾರ, ಜೋಳ–ಗೋವಿನಜೋಳದ ದಂಟಿಗೆ ಹಲ್ಲಿನ ಬ್ಲೇಡು, ಪೊದೆಗೆ ಮೂರು ಮೂಲೆಯ ಬ್ಲೇಡು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಕಂಪನಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದು ಎಂಜಿನ್ ಹೋಗುತ್ತದೆ. ಬ್ಲೇಡಿಗೆ ಸಿಕ್ಕ ಹರಳು ದೂರ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಸುತ್ತ ಹದಿನೈದು ಮೀಟರ್ ದೂರದೊಳಗೆ ಮಕ್ಕಳು, ದನ ಇರಬಾರದು.

ಬಾಡಿಗೆ, ಸಹಾಯಧನ, ಖರೀದಿ

ಕೊಳ್ಳುವ ಮುಂಚೆ ಒಂದು ಹಂಗಾಮು ಬಾಡಿಗೆ ಯಂತ್ರ ಓಡಿಸಿ ನೋಡುವುದು ಜಾಣತನ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಿ. ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ತಜ್ಞರನ್ನು ಕಂಡು ಕೇಳಬಹುದು. ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ಪಹಣಿ ಸೇರಿಸಿದ ಎಫ್‌ಐಡಿ (ರೈತ ನೋಂದಣಿ) ಸಂಖ್ಯೆ ಇರಬೇಕು. ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ, ಮಿತಿಗೊಳಪಟ್ಟು ಸಿಗುತ್ತ ಬಂದಿದೆ. ಅನುದಾನ ಮುಗಿಯುವ ಮೊದಲೇ ಕೇಳಿಕೊಳ್ಳಿ. ಮಣ್ಣು ಹದಗೊಳಿಸುವ ಕೃಷಿ ಯಂತ್ರಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಅಂಗಡಿಯವರಿಗೆ ನಾಲ್ಕು ಮಾತು ಕೇಳಿ. ಸರ್ಕಾರಿ ಪರೀಕ್ಷಾ ಕೇಂದ್ರದ ವರದಿ ಇದೆಯೇ? ಬ್ಲೇಡು, ಬೆಲ್ಟು, ಕ್ಲಚ್ ಕೇಬಲ್ ಗದಗದಲ್ಲೇ ಸಿಗುತ್ತವೆಯೇ? ಹಿಂದೆ ಸರಿಯುವ ಗೇರ್ ಹಾಕಿದಾಗ ರೋಟರಿ ನಿಲ್ಲುತ್ತದೆಯೇ? ಹಿಡಿ ಬಿಟ್ಟ ಕೂಡಲೇ ಯಂತ್ರ ನಿಲ್ಲುತ್ತದೆಯೇ? ಕೊನೆಯ ಎರಡಕ್ಕೆ ಉತ್ತರ ಇಲ್ಲ ಎಂದಾದರೆ ಎಷ್ಟೇ ಅಗ್ಗವಾದರೂ ಬೇಡ. ಹಿಂದೆ ಸರಿಯುವಾಗ ಕಾಲು ಬ್ಲೇಡಿಗೆ ಸಿಗುವ ಅಪಾಯವಿದೆ. ತಂದ ಮೇಲೆ ಮೊದಲ ಆಯಿಲನ್ನು 20 ತಾಸಿನ ಹೊತ್ತಿಗೆ ಬದಲಿಸಿ, ಎರಿಯ ಧೂಳಿನಲ್ಲಿ ಓಡಿದ ದಿನವೆಲ್ಲ ಏರ್ ಫಿಲ್ಟರ್ ಬಿಚ್ಚಿ ನೋಡಿ.

ಯಾವ ಯಂತ್ರವೂ ಸಾಲಿನ ನಡುವಿನ ಕಸವನ್ನಷ್ಟೇ ತೆಗೆಯುತ್ತದೆ. ಗಿಡದ ಬುಡದ ಕಸಕ್ಕೆ ಕೈಯಾಳು ಬೇಕೇ ಬೇಕು, ಆ ಕೂಲಿಯನ್ನು ಲೆಕ್ಕದಲ್ಲಿ ಬಿಡಬೇಡಿ. ಕಳೆದ ಎರಡು ವರ್ಷ ಎಡೆ ಹೊಡೆಯಲು ಕೊಟ್ಟ ಬಾಡಿಗೆಯನ್ನು ಬರೆದು ಕೂಡಿಸಿ. ಐದು ವರ್ಷದಲ್ಲಿ ಯಂತ್ರದ ಬೆಲೆ ಹುಟ್ಟದಿದ್ದರೆ ಅಕ್ಕಪಕ್ಕದ ಎರಡು–ಮೂರು ಮನೆ ಕೂಡಿ ಕೊಳ್ಳಿ. ಕೂಡಿ ಕೊಂಡವರು ಮುಂದಿನ ಬಿತ್ತಿಗೆಗೆ ಕೂರಿಗೆಯ ಅಂತರವನ್ನೂ ಒಂದೇ ಮಾಡಿಕೊಂಡರೆ ಯಂತ್ರದ ಅಗಲ ಬದಲಿಸುವ ಕೆಲಸ ಉಳಿದು, ಸಿಕ್ಕ ನಾಲ್ಕು ದಿನದ ಹದದಲ್ಲೇ ಎಲ್ಲರ ಹೊಲಕ್ಕೂ ಅದು ಹೋಗಿ ಬರುತ್ತದೆ.