ಚಂದ್ರನ ಕುಳಿ ಮತ್ತು ಅಪ್ಪನ ಬೋರ್‌ವೆಲ್

ಮೊನ್ನೆ ಊರಿಗೆ ಹೋಗಿದ್ದೆ. ತಿಪಟೂರಿನ ಹತ್ತಿರ ನಮ್ಮದೊಂದು ತೆಂಗಿನ ತೋಟ. ಹಳೇ ಬೋರ್‌ವೆಲ್ ಪಕ್ಕ ಬೂದು ಪುಡಿಯ ಗುಡ್ಡೆ ಇನ್ನೂ ಹಾಗೇ ಇದೆ. ಕೊರೆಸಿದ ರಾತ್ರಿ ಅಪ್ಪ ಮೇಲೆ ಬಂದ ಪುಡಿಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡ್ತಿದ್ದರು, ಕೆಳಗೇನಿದೆ ಅಂತ. ನೀರು ಮಾತ್ರ ಬರಲಿಲ್ಲ..

ಆ ಗುಡ್ಡೆ ನೋಡಿ ನನಗೆ ಪ್ರಜ್ಞಾನ್ ರೋವರ್ ನೆನಪಾಯಿತು. ನಗಬೇಡಿ :)

ಅದರ ಕಥೆಯ ಒಂದು ತುದಿ ನಮ್ಮ ಪಕ್ಕದಲ್ಲೇ ಇದೆ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು, ಹಿರಿಯೂರು ದಾಟಿದರೆ ಚಳ್ಳಕೆರೆ. ಅಲ್ಲಿಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿಸಿ, 2016ರಲ್ಲಿ ವಿಮಾನ ಹಾರಿಸಿ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷೆ ಮಾಡಿದರು. ಆದರೂ 2019ರಲ್ಲಿ ವಿಕ್ರಮ್ ಅಪ್ಪಳಿಸಿತು, ಒಳಗಿದ್ದ ರೋವರ್ ಹೊರಗೇ ಬರಲಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. 26 ಕೆಜಿಯ ಪ್ರಜ್ಞಾನ್ ನಾಲ್ಕು ದಿನದಲ್ಲೇ 4 ಮೀಟರ್ ಅಗಲದ ಕುಳಿಯೊಂದರ ಎದುರು ಬಂತು. ಮೂರು ಮೀಟರ್ ದೂರದಲ್ಲೇ ಅದನ್ನು ಕಂಡು, ದಾರಿ ಬದಲಿಸಿದರು. ಒಟ್ಟು ನೂರು ಮೀಟರ್ ಓಡಾಟ, 23 ಕಡೆ ಮಣ್ಣಿನ ಪರೀಕ್ಷೆ. ಕ್ಯೂರಿಯಂನಿಂದ ಹೊಮ್ಮುವ ಕಿರಣ ಮಣ್ಣಿಗೆ ತಾಗಿದರೆ ಒಂದೊಂದು ಧಾತುವೂ ತನ್ನದೇ ಎಕ್ಸ್‌ರೇ ಹೊರಡಿಸುತ್ತದೆ. ಅಪ್ಪನ ಬೆರಳಿನ ಕೆಲಸ!

2024ರಲ್ಲಿ ಅಹಮದಾಬಾದಿನ ಪಿಆರ್‌ಎಲ್ ವಿಜ್ಞಾನಿಗಳು ಫಲಿತಾಂಶ ಪ್ರಕಟಿಸಿದರು. ಚಂದ್ರ ಒಮ್ಮೆ ಕರಗಿದ ಶಿಲೆಯ ಕಡಲಾಗಿತ್ತು, ಹಗುರ ಖನಿಜ ಕೆನೆಯಂತೆ ತೇಲಿ ಮೇಲ್ಪದರವಾಯಿತು ಅನ್ನುವ ಮಾತಿಗೆ ಅದು ಒತ್ತು ಕೊಟ್ಟಿತು. ಜೊತೆಗೆ ಆಳದ ಮಣ್ಣಿನ ಬೆರಕೆಯೂ ಸಿಕ್ಕಿತು. ಸುಮಾರು 350 ಕಿ.ಮೀ. ಆಚೆ ಅಂಚಿರುವ ದಕ್ಷಿಣ ಧ್ರುವ-ಐಟ್‌ಕೆನ್ ಎಂಬ ದೈತ್ಯ ಕುಳಿ ಉಂಟಾದಾಗ ಅದು ಎರಚಿ ಬಂದಿರಬೇಕು ಅಂತಾರೆ. ಯಾರೂ ಕೊರೆಸದ ಬೋರ್‌ವೆಲ್!

ಮಂಗಳದಲ್ಲೂ ಹೀಗೇ. 2004ರಲ್ಲಿ ಆಪರ್ಚುನಿಟಿ ಈಗಲ್ ಅನ್ನುವ ಕುಳಿಯೊಳಗೇ ಇಳಿದು, ಅದರ ಅಂಚಿನ ಕಲ್ಲಿನ ಪದರಗಳಲ್ಲಿ ಹಿಂದೆ ನೀರಿದ್ದ ಗುರುತು ಕಂಡಿತ್ತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ನೀರಿತ್ತು ಅಂತ ಗೊತ್ತಾದ ಮೇಲೆ ಏನು ಮಾಡ್ತಾರೆ?" ಅಂದರು.
"ಎಲ್ಲಿ ಹೋಯ್ತು ಅಂತ ಹುಡುಕ್ತಾರೆ."
ಸುಳಿ ಒಣಗಿದ ಮರಗಳ ಕಡೆ ನೋಡಿ ಅಪ್ಪ ಅಂದರು, "ನಾವು ಅದನ್ನ ಕೇಳಲೇ ಇಲ್ಲ. ಇನ್ನೊಂದು ಬೋರ್ ಕೊರೆಸಿದ್ವಿ."

ಈಗ ಮತ್ತೊಂದಕ್ಕೆ ನನ್ನ ಹತ್ರ ದುಡ್ಡು ಕೇಳ್ತಿದ್ದಾರೆ. ಕೊಡಲೋ, ಕೃಷಿಹೊಂಡ ತೆಗೆಸೋಣ ಅನ್ನಲೋ.. ತೋಟ ಇರುವವರು ಯಾರಾದ್ರೂ ಹೇಳ್ತೀರಾ?