ಬಣ್ಣದ ಹಾಗೂ ಅರಗಿನ ಹಳೆಯ ಮರದ ತೊಟ್ಟಿಲುಗಳ ಸಂರಕ್ಷಣೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಧಾರವಾಡ ಜಿಲ್ಲೆಯ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ತೇಗದ ಮರದ ಈ ತೊಟ್ಟಿಲುಗಳ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತ ಹಾಗೂ ಕೃಷ್ಣಲೀಲೆಯ ಪ್ರಸಂಗಗಳನ್ನು ಚಿತ್ರಿಸಲಾಗುತ್ತದೆ. ಹಲವು ತಲೆಮಾರುಗಳ ಶಿಶುಗಳ ನಾಮಕರಣಕ್ಕೆ ಬಳಕೆಯಾದ ತೊಟ್ಟಿಲುಗಳನ್ನು ಉತ್ತರ ಕರ್ನಾಟಕದ ಕುಟುಂಬಗಳು ಜೋಪಾನವಾಗಿ ಇರಿಸಿಕೊಂಡಿವೆ. ಇವು ಕಾಲದಿಂದ ಮಾತ್ರವಲ್ಲದೆ, ಸದುದ್ದೇಶದಿಂದ ತೊಳೆಯುವುದರಿಂದ ಹಾಗೂ ಹೊಸ ಬಣ್ಣ ಬಳಿಯುವುದರಿಂದಲೂ ಹಾಳಾಗುತ್ತವೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಅರಗಿನ ಗುಣ

ಅರಗು ಕೀಟಗಳಿಂದ ದೊರೆಯುವ ನೈಸರ್ಗಿಕ ರಾಳವಾಗಿದ್ದು, ಶಾಖಕ್ಕೆ ಮೆದುವಾಗುತ್ತದೆ ಮತ್ತು ಸ್ಪಿರಿಟ್‌ನಲ್ಲಿ ಕರಗುತ್ತದೆ. ಅರಗಿನಡಿಯ ಚಿತ್ರದ ಬಣ್ಣವನ್ನು ಗೋಂದಿನಲ್ಲಿ ಕಲಸಿದ್ದಲ್ಲಿ ಅದು ನೀರಿಗೂ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಮರವು ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಮೇಲಿನ ಪದರವು ಬಿರುಕು ಬಿಟ್ಟು ಹಕ್ಕಳೆಯಾಗಿ ಏಳುತ್ತದೆ.

2. ಅನುಸರಿಸಬೇಕಾದ ಕ್ರಮಗಳು

ಅ) ತೊಟ್ಟಿಲನ್ನು ನೇರ ಬಿಸಿಲು, ಒಲೆಯ ಶಾಖ ಹಾಗೂ ತೇವದ ಗೋಡೆಯಿಂದ ದೂರವಿರಿಸುವುದು. ತಗಡಿನ ಮಾಡಿನ ಕೆಳಗಿನ ಅಟ್ಟ ಸೂಕ್ತವಲ್ಲ.
ಆ) ಧೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ಮಾತ್ರ ತೆಗೆಯುವುದು. ಬಣ್ಣ ಏಳುತ್ತಿರುವ ಭಾಗವನ್ನು ಮುಟ್ಟದಿರುವುದು.
ಇ) ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸುವುದು. ಪ್ಲಾಸ್ಟಿಕ್ ಹಾಳೆಯೊಳಗೆ ತೇವ ನಿಂತು ಬೂಷ್ಟು ಬೆಳೆಯುತ್ತದೆ.
ಈ) ಮರದ ಕೆಳಗೆ ಹೊಸದಾಗಿ ಹಿಟ್ಟಿನಂತಹ ಪುಡಿ ಕಂಡುಬಂದಲ್ಲಿ ಕುಟ್ಟೆ ಹುಳು ಜೀವಂತವಿದೆಯೆಂದು ತಿಳಿದು, ತೊಟ್ಟಿಲನ್ನು ಇತರ ಪೀಠೋಪಕರಣಗಳಿಂದ ಬೇರ್ಪಡಿಸಿ ತಜ್ಞರನ್ನು ಸಂಪರ್ಕಿಸುವುದು.
ಉ) ಎಲ್ಲ ಬದಿಗಳ ಛಾಯಾಚಿತ್ರ ತೆಗೆದು, ದಿನಾಂಕದೊಂದಿಗೆ ಇರಿಸಿಕೊಳ್ಳುವುದು.

3. ಮಾಡಬಾರದ ಕ್ರಮಗಳು

ಸೋಪಿನ ನೀರು, ಥಿನ್ನರ್, ಸ್ಪಿರಿಟ್ ಅಥವಾ ಸೀಮೆಎಣ್ಣೆಯಿಂದ ಒರೆಸಬಾರದು. ಹೊಳಪಿಗಾಗಿ ಎಣ್ಣೆ ಹಚ್ಚಬಾರದು. ಅದು ಧೂಳನ್ನು ಹಿಡಿದು ಚಿತ್ರವನ್ನು ಕಪ್ಪಾಗಿಸುತ್ತದೆ. ಮರಳು ಕಾಗದದಿಂದ ಉಜ್ಜಬಾರದು. ಎನಾಮೆಲ್ ಬಣ್ಣ ಅಥವಾ ವಾರ್ನಿಷ್ ಬಳಿಯಬಾರದು. ಹೊಸ ಬಣ್ಣದಡಿ ಮುಚ್ಚಿಹೋದ ಮೂಲ ಚಿತ್ರಕ್ಕೆ ಹಾನಿಯಾಗದಂತೆ ಅದನ್ನು ಮರಳಿ ಹೊರತೆಗೆಯುವುದು ಬಹುಮಟ್ಟಿಗೆ ಅಸಾಧ್ಯ.

4. ಶಿಶುಗಳ ಸುರಕ್ಷತೆ

ಹಳೆಯ ಬಣ್ಣಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇರುವ ಸಾಧ್ಯತೆಯುಂಟು. ಬಣ್ಣ ಉದುರುತ್ತಿರುವ ತೊಟ್ಟಿಲಿನಲ್ಲಿ ಮಗುವನ್ನು ಮಲಗಿಸಬಾರದು. ಸಂಪ್ರದಾಯದಂತೆ ಪೂಜೆಯನ್ನು ಹಳೆಯ ತೊಟ್ಟಿಲಿಗೆ ಸಲ್ಲಿಸಿ, ಮಗುವನ್ನು ಬೇರೆ ತೊಟ್ಟಿಲಿನಲ್ಲಿ ಮಲಗಿಸಬಹುದು. ಅರಿಶಿನ, ಕುಂಕುಮವನ್ನು ಚಿತ್ರದ ಮೇಲೆ ಹಚ್ಚದೆ, ಮುಂದೆ ತಟ್ಟೆಯಲ್ಲಿರಿಸುವುದು ಒಳ್ಳೆಯದು. ಕುಟ್ಟೆ ಹಿಡಿದ ಮರವು ಹೊರಗೆ ಗಟ್ಟಿಯಾಗಿ ಕಂಡರೂ ಭಾರ ತಾಳಲಾರದು ಎಂಬುದನ್ನು ಮರೆಯಬಾರದು.

5. ದುರಸ್ತಿ

ಸಂರಕ್ಷಣೆ ಎಂದರೆ ಹೊಸದರಂತೆ ಮಾಡುವುದಲ್ಲ, ಇರುವುದನ್ನು ಉಳಿಸುವುದು. ಮೊದಲು ಹುಳು ಹಾಗೂ ತೇವದ ನಿವಾರಣೆ, ನಂತರ ಏಳುತ್ತಿರುವ ಬಣ್ಣವನ್ನು ಮರಕ್ಕೆ ಅಂಟಿಸುವುದು, ಕೊನೆಯಲ್ಲಿ ಶುಚಿಗೊಳಿಸುವುದು: ಇದು ಸಾಮಾನ್ಯ ಕ್ರಮ. ಬಿಟ್ಟುಹೋದ ಭಾಗಗಳನ್ನು ತುಂಬುವಾಗ, ಮುಂದೆ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಬಹುದಾದ ಸಾಮಗ್ರಿಯನ್ನೇ ಬಳಸತಕ್ಕದ್ದು. ಬಡಿಗರಾಗಲಿ ಚಿತ್ರಗಾರರಾಗಲಿ ಕೆಲಸ ಆರಂಭಿಸುವ ಮುನ್ನ, ಕಣ್ಣಿಗೆ ಬೀಳದ ಚಿಕ್ಕ ಭಾಗದಲ್ಲಿ ಪರೀಕ್ಷಿಸಿ ತೋರಿಸುವಂತೆ ಮಾಲೀಕರು ಕೇಳಬೇಕು.

6. ಕಾನೂನಿನ ಅಂಶಗಳು

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕೃತಿ ಅಥವಾ ಕರಕುಶಲ ವಸ್ತುವು ಪುರಾತನ ವಸ್ತುವಾಗಿರುತ್ತದೆ. ಇಂತಹ ವಸ್ತುವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಅವಶ್ಯ. ವಿದೇಶದಲ್ಲಿರುವ ಬಂಧುಗಳಿಗೆ ಮನೆಯ ತೊಟ್ಟಿಲನ್ನು ಕಳುಹಿಸಲು ಇಚ್ಛಿಸುವವರು, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರದ ಬಗ್ಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯನ್ನು ಮೊದಲೇ ವಿಚಾರಿಸತಕ್ಕದ್ದು.

ನೋಂದಣಿಗೆ ಒಳಪಡುವ ಅಧಿಸೂಚಿತ ವರ್ಗಗಳಲ್ಲಿ ಮರದ ಮೇಲಿನ ಚಿತ್ರಗಳೂ ಸೇರಿವೆ. ತಮ್ಮ ತೊಟ್ಟಿಲು ಇದಕ್ಕೆ ಒಳಪಡುವುದೇ ಎಂಬುದನ್ನು ಮಾಲೀಕರು ಛಾಯಾಚಿತ್ರಗಳೊಂದಿಗೆ ನೋಂದಣಾಧಿಕಾರಿಗಳಿಂದ ಖಚಿತಪಡಿಸಿಕೊಳ್ಳಬೇಕು. ನೋಂದಾಯಿತ ವಸ್ತುವಿನ ಒಡೆತನ ವರ್ಗಾವಣೆಯಾದಲ್ಲಿ ಆ ವಿಷಯವನ್ನೂ ಅವರಿಗೆ ತಿಳಿಸತಕ್ಕದ್ದು. ನೋಂದಣಿಯಿಂದ ವಸ್ತುವಿನ ಒಡೆತನವು ಸರ್ಕಾರಕ್ಕೆ ಹೋಗುವುದಿಲ್ಲ. ಅದು ಮಾಲೀಕರಲ್ಲಿಯೇ ಉಳಿಯುತ್ತದೆ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದು, ತಮ್ಮ ಮನೆಯ ತೊಟ್ಟಿಲನ್ನು ಮುಂದಿನ ತಲೆಮಾರಿಗೆ ಮೂಲರೂಪದಲ್ಲಿಯೇ ಒಪ್ಪಿಸಬೇಕಾಗಿ ಕೋರಲಾಗಿದೆ.