ಕಟ್ಟದೆ ಉಳಿದ ಗುಮ್ಮಟ

1551ರಲ್ಲಿ ರೋಮ್ ನಗರದ ಒಂದು ಬಾಡಿಗೆ ಮನೆಯ ಬಾಗಿಲ ಮೇಲೆ ಬರಹವೊಂದು ಕಾಣಿಸಿಕೊಂಡಿತು. ವ್ಯಾಕರಣ, ಸಾಹಿತ್ಯ, ಕ್ರೈಸ್ತ ಧರ್ಮ ಇವುಗಳನ್ನು ಇಲ್ಲಿ ಧರ್ಮಾರ್ಥವಾಗಿ ಕಲಿಸಲಾಗುವುದೆಂದು ಅದು ಸಾರುತ್ತಿತ್ತು. ಜೆಸ್ಯೂಟ್ ಸಂಘದ ಸ್ಥಾಪಕನಾದ ಇಗ್ನೇಷಿಯಸ್ ಲೊಯೊಲಾ ತೆರೆದ ಆ ಪಾಠಶಾಲೆಯೇ ಮುಂದೆ ರೋಮನ್ ಕಾಲೇಜೆಂದು ಹೆಸರಾಯಿತು. ಇಂದಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯದ ಮೂಲವೂ ಅದೇ. ವಿದ್ಯಾರ್ಥಿಯ ಕಾಸನ್ನು ಮುಟ್ಟುವುದಿಲ್ಲವೆಂದ ಮೇಲೆ ಗುರುಗಳ ಊಟಕ್ಕೂ ಗ್ರಂಥಗಳ ಬೆಲೆಗೂ ದಾನಿಗಳ ಕೈಯನ್ನೇ ನೋಡಬೇಕಷ್ಟೆ. ಮೊದಲು ನೀಡಿದ ಕೈ ಸ್ಪೇನಿನ ಶ್ರೀಮಂತನಾದ ಫ್ರಾನ್ಸಿಸ್ ಬೋರ್ಜಿಯನದು.

ಆ ಹಣ ಬಹುಕಾಲ ಸಾಲಲಿಲ್ಲ. ಸಂಸ್ಥೆ ಕಷ್ಟದಲ್ಲಿಯೇ ನಡೆಯಿತು. ಕೊನೆಗೆ ಪೋಪ್ 13ನೆಯ ಗ್ರೆಗೊರಿ ಅದಕ್ಕೆ ಶಾಶ್ವತ ವರಮಾನವನ್ನು ಒದಗಿಸಿ, 1582ರಲ್ಲಿ ಭವ್ಯವಾದ ಕಟ್ಟಡವನ್ನೂ ಆರಂಭಿಸಿದನು. ಅದೇ ವರ್ಷ ಕಾಲೇಜಿನ ಗಣಿತಾಚಾರ್ಯ ಕ್ಲಾವಿಯಸನ ನೆರವಿನಿಂದ ಕ್ಯಾಲೆಂಡರಿನ ತಪ್ಪು ತಿದ್ದಲ್ಪಟ್ಟು, ಅಕ್ಟೋಬರ್ 4ರ ಮರುದಿನವೇ 15 ಆಯಿತು. ನಮ್ಮ ಮನೆಗಳ ಗೋಡೆಯ ಮೇಲೆ ತೂಗುವುದು ಆ ಕ್ಯಾಲೆಂಡರೇ. ಇಲ್ಲಿ ದಾನಿ ಬಯಸಿದ್ದೂ ವಿದ್ವಾಂಸ ಕಂಡದ್ದೂ ಒಂದೇ ಆಗಿದ್ದುದರಿಂದ ಯಾವ ತೊಡಕೂ ಹುಟ್ಟಲಿಲ್ಲ.

ಪರೀಕ್ಷೆಯ ಕಾಲ ಬಂದದ್ದು 1611ರಲ್ಲಿ. ಗೆಲಿಲಿಯೊ ದೂರದರ್ಶಕದಿಂದ ಕಂಡೆನೆಂದು ಹೇಳಿದ ಸಂಗತಿಗಳು ನಿಜವೇ ಎಂದು ಕಾರ್ಡಿನಲ್ ಬೆಲ್ಲಾರ್ಮಿನ್ ಕಾಲೇಜಿನ ಗಣಿತಜ್ಞರನ್ನು ಕೇಳಿದನು. ವೃದ್ಧನಾದ ಕ್ಲಾವಿಯಸನೂ ಅವನ ಮೂವರು ಸಹೋದ್ಯೋಗಿಗಳೂ ಗುರುವನ್ನು ಸುತ್ತುವ ಚಂದ್ರರು ಉಂಟು, ಶುಕ್ರನಿಗೂ ವೃದ್ಧಿಕ್ಷಯಗಳುಂಟು ಎಂದು ಒಪ್ಪಿ ಬರೆದರು. ಗೆಲಿಲಿಯೊವಿಗೆ ಕಾಲೇಜಿನಲ್ಲಿಯೇ ಸನ್ಮಾನ ನಡೆಯಿತು. ಆದರೆ ಐದು ವರ್ಷಗಳಲ್ಲಿ, 1616ರಲ್ಲಿ, ಭೂಮಿ ಚಲಿಸುತ್ತದೆಂಬ ಮತ ಧರ್ಮಗ್ರಂಥಕ್ಕೆ ವಿರುದ್ಧವೆಂದು ಚರ್ಚು ಸಾರಿತು. ಅದನ್ನು ಸತ್ಯವೆಂದು ಕಲಿಸುವ ದಾರಿ ಕಾಲೇಜಿಗೆ ಮುಚ್ಚಿಹೋಯಿತು. ಇದನ್ನು ಹಣದ ದೋಷವೆನ್ನಲಾಗದು. ಆ ಪಾದ್ರಿಗಳನ್ನು ಕಟ್ಟಿದ್ದು ಅವರು ತೊಟ್ಟ ವಿಧೇಯತೆಯ ವ್ರತ. ಆದರೂ ಅನ್ನವಿಟ್ಟ ಮನೆಯೇ ಉತ್ತರವನ್ನೂ ನಿಶ್ಚಯಿಸಿದರೆ ಸಂಶೋಧನೆ ಏನಾಗುವುದೆಂಬುದಕ್ಕೆ ಇದೊಂದು ಪಾಠ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕನೀತಿ. ಸತ್ಯವನ್ನು ಅರಸುವವನಿಗೆ ಅದೊಂದೇ ನೀತಿ ಸಾಲದು.

ಇದೇ ಕಾಲೇಜಿನ ಚರಿತ್ರೆಯಲ್ಲಿ ಇನ್ನೊಂದು ಬಗೆಯ ದಾನದ ಕಥೆಯೂ ಇದೆ. 1626ರಲ್ಲಿ ಕಾರ್ಡಿನಲ್ ಲುಡೊವಿಸಿಯ ಹಣದಿಂದ ಕಾಲೇಜಿಗೆ ಹೊಂದಿಕೊಂಡಂತೆ ಸಂತ ಇಗ್ನೇಷಿಯಸನ ಹೆಸರಿನ ಇಗರ್ಜಿಯೊಂದರ ಕೆಲಸ ತೊಡಗಿತು. ಭಾರಿ ಗುಮ್ಮಟವನ್ನು ಹೊರುವುದಕ್ಕೆಂದು ದಪ್ಪ ಕಂಬಗಳು ಎದ್ದವು. ಗುಮ್ಮಟ ಮಾತ್ರ ಏಳಲೇ ಇಲ್ಲ. 1685ರಲ್ಲಿ ಆಂಡ್ರಿಯ ಪೊಜ್ಜೊ ಎಂಬ ಚಿತ್ರಕಾರ ಬಟ್ಟೆಯ ಮೇಲೆ ಗುಮ್ಮಟದ ಚಿತ್ರವನ್ನು ಬರೆದು ಆ ಬಯಲನ್ನು ಮುಚ್ಚಿದನು. ಕೆಳಗೆ ನಿಂತು ನೋಡಿದವರಿಗೆ ಅದು ನಿಜವಾದ ಗುಮ್ಮಟದಂತೆಯೇ ತೋರುತ್ತದೆ.

ಹೊರೆಯಿಲ್ಲದೆ ನಿಂತ ಆ ಕಂಬಗಳ ಬಲವನ್ನು ಕಂಡುಕೊಂಡವನು ಕಾಲೇಜಿನ ಖಗೋಳಜ್ಞನಾದ ಪಾದ್ರಿ ಆಂಜೆಲೊ ಸೆಕಿ. ದೂರದರ್ಶಕಕ್ಕೆ ಅಲುಗದ ನೆಲೆ ಬೇಕು. 1852ರಲ್ಲಿ ಅವನು ಆ ಕಂಬಗಳ ಮೇಲೆಯೇ ವೀಕ್ಷಣಾಲಯವನ್ನು ಕಟ್ಟತೊಡಗಿದನು. ಜರ್ಮನಿಯ ಮೆರ್ಜ್ ಕಾರ್ಖಾನೆಯ, 24 ಸೆಂಟಿಮೀಟರ್ ಮಸೂರದ ದೂರದರ್ಶಕವನ್ನು ತರಿಸಲು ಅವನ ಸಹೋದ್ಯೋಗಿ ಪಾದ್ರಿ ಪಾವೊಲೊ ರೋಸಾ ತನ್ನ ಪಿತ್ರಾರ್ಜಿತವನ್ನು ಕೊಟ್ಟನು. ಸೆಕಿ ನಕ್ಷತ್ರಗಳ ಬೆಳಕನ್ನು ಒಡೆದು ನೋಡಿ, 4,000ಕ್ಕೂ ಹೆಚ್ಚು ನಕ್ಷತ್ರಗಳನ್ನು ಪರೀಕ್ಷಿಸಿ, ಅವುಗಳನ್ನು ವರ್ಗಗಳಾಗಿ ವಿಂಗಡಿಸಿದನು. ಖಭೌತ ವಿಜ್ಞಾನಕ್ಕೆ ಅಡಿಗಲ್ಲಿಟ್ಟವರಲ್ಲಿ ಅವನೂ ಒಬ್ಬನು.

1870ರಲ್ಲಿ ಇಟಲಿಯ ಸೇನೆ ರೋಮನ್ನು ಹಿಡಿಯಿತು. ಕಾಲೇಜಿನ ಕಟ್ಟಡ ಸರ್ಕಾರದ ಪಾಲಾಯಿತು. ಸೆಕಿ ಮಾತ್ರ 1878ರಲ್ಲಿ ಸಾಯುವತನಕ ತನ್ನ ವೀಕ್ಷಣಾಲಯದಲ್ಲಿಯೇ ಉಳಿದನು. ಕೊಟ್ಟವರ ಒಡೆತನ ಹೋಯಿತು, ಕಂಡುಕೊಂಡ ಜ್ಞಾನ ಹೋಗಲಿಲ್ಲ.

ಸಂಶೋಧನೆಗೆ ದತ್ತಿಯಿಡುವವರು ಇಂದೂ ಇದ್ದಾರೆ. ಅವರಲ್ಲಿ ಕೆಲವರಿಗೆ ತಮ್ಮ ಹೆಸರಿನ ಕಲ್ಲು ಬೇಕು, ಕೆಲವರಿಗೆ ಬೇಗನೆ ಫಲ ಬೇಕು, ಕೆಲವರಿಗೆ ಒಪ್ಪುವ ಉತ್ತರವೇ ಬೇಕು. ಲುಡೊವಿಸಿ ಪೂಜೆಗೆಂದು ನಿಲ್ಲಿಸಿದ ಕಂಬ ನಕ್ಷತ್ರಗಳಿಗೆ ಒದಗಿತು. ಅದು ಅವನ ಎಣಿಕೆಗೆ ನಿಲುಕದ ಫಲ. ರೋಸಾ ತಿಳಿದೇ ಕೊಟ್ಟನು. ಆದರೆ ಆ ಮಸೂರದೊಳಗೆ ಏನು ಕಾಣಬೇಕೆಂಬುದನ್ನು ಅವನು ಆಕಾಶಕ್ಕೇ ಬಿಟ್ಟನು.